ಸಿಪಾಯಿಯ ಕಾಗದ ಓದುವ ಮುನ್ನ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ಮೊದಲ ಮಹಾಯುದ್ಧಕ್ಕೆ ಫ್ರಾನ್ಸಿಗೆ ಹೋದ ನಮ್ಮ ಸಿಪಾಯಿಗಳ ಕಾಗದಗಳನ್ನು ನಿನ್ನ ಪ್ರಬಂಧಕ್ಕೆ ಆರಿಸಿಕೊಂಡಿದ್ದೀಯ ಎಂದು ತಿಳಿದು ಹಿಗ್ಗಾಯಿತು. ಆದರೆ "ಯುದ್ಧದ ವಿಷಯ ಕಡಿಮೆ ದೊಡ್ಡಪ್ಪ, ಬರೀ ಎಮ್ಮೆ, ಸಾಲ, ಬೆಳೆ" ಎಂದು ಬರೆದಿದ್ದೀಯಲ್ಲ, ಅಲ್ಲಿ ಸ್ವಲ್ಪ ತಡಿ. ಕಾಗದ ಮನೆ ಮುಟ್ಟುವ ಮೊದಲು ಯಾರ‍್ಯಾರ ಕೈ ದಾಟಿತು ಎಂದು ನೋಡಿಕೊಂಡು ಆಮೇಲೆ ಓದು.

ಬಹಳ ಜನಕ್ಕೆ ಬರೆಯಲು ಬರುತ್ತಿರಲಿಲ್ಲ, ಹೇಳಿ ಬರೆಸುತ್ತಿದ್ದರು. ಹೆಂಡತಿಗೆ ಹೇಳುವ ಮಾತನ್ನು ಜೊತೆಗಾರನ ಮುಂದೆ ಬಾಯಿಬಿಟ್ಟು ಹೇಳಬೇಕು. ಊರಿನಲ್ಲಿ ಅದನ್ನು ಇನ್ಯಾರೋ ಓದಿ ಹೇಳಬೇಕು, ಅತ್ತೆ ಮಾವ ಅಲ್ಲೇ ಕೂತಿರುತ್ತಾರೆ. ನಡುವೆ ರೆಜಿಮೆಂಟಿನ ಅಧಿಕಾರಿ. ಅವನಾದ ಮೇಲೆ, 1914ರ ಕೊನೆಗೆ ಫ್ರಾನ್ಸಿನಲ್ಲಿ ಶುರುವಾದ ಭಾರತೀಯ ಟಪಾಲಿನ ಸೆನ್ಸಾರ್ ಕಚೇರಿ. ಹಾಗಿದ್ದೂ ಸಿಪಾಯಿಗಳು ಸುಮ್ಮನಿರಲಿಲ್ಲ. ಭಾರತೀಯ ಸಿಪಾಯಿಗಳನ್ನು ಕರಿಮೆಣಸು, ಬಿಳಿಯರನ್ನು ಕೆಂಪು ಮೆಣಸು ಎಂದು ಕರೆದು, ಕರಿಮೆಣಸು ಮುಗಿಯುತ್ತ ಬಂತು ಎಂದು ಬರೆದವರಿದ್ದಾರೆ. ತಮ್ಮನನ್ನು ಸೈನ್ಯಕ್ಕೆ ಸೇರಿಸಬೇಡಿ ಎಂಬುದನ್ನು ಇಂಥ ದಾರಿಯಲ್ಲೇ ತಿಳಿಸಬೇಕಿತ್ತು. ಸೆನ್ಸಾರಿನವರೇನು ದಡ್ಡರಲ್ಲ, ಗುಟ್ಟು ಅವರಿಗೂ ಗೊತ್ತಾಗಿತ್ತು.

ಆಗ ಬ್ರಿಟಿಷ್ ಸೈನ್ಯದಲ್ಲಿ ಹಂಚುತ್ತಿದ್ದ ಅಚ್ಚು ಹಾಕಿದ ಪೋಸ್ಟ್‌ಕಾರ್ಡಿನ ಚಿತ್ರ ಸಿಕ್ಕರೆ ನೋಡು. 'ನಾನು ಚೆನ್ನಾಗಿದ್ದೇನೆ', 'ಆಸ್ಪತ್ರೆಗೆ ಸೇರಿದ್ದೇನೆ', 'ಬಹಳ ದಿನದಿಂದ ನಿಮ್ಮ ಕಾಗದವಿಲ್ಲ' ಎಂಬಂಥ ಸಾಲುಗಳಲ್ಲಿ ಬೇಡದ್ದನ್ನು ಹೊಡೆದು ಹಾಕಿ, ತಾರೀಖು ಬರೆದು ಸಹಿ ಮಾಡಬೇಕು. ಒಂದು ಪದ ಹೆಚ್ಚಿಗೆ ಸೇರಿಸಿದರೂ ಕಾರ್ಡನ್ನು ನಾಶ ಮಾಡುತ್ತೇವೆ ಎಂದು ಅದರ ಮೇಲೇ ಅಚ್ಚಾಗಿದೆ. ಸತ್ತೆನೋ ಬದುಕಿದೆನೋ ಎಂಬ ಸುದ್ದಿಗೂ ಸರ್ಕಾರಿ ಫಾರಂ!

ಇನ್ನು ಎಮ್ಮೆಯ ಮಾತು. ಫ್ರಾನ್ಸಿನಲ್ಲಿ ನಮ್ಮ ಸಿಪಾಯಿಗಳೂ ಕಾದಿದ ನವ್ ಶಪೆಲ್ ಕದನ ನಡೆದದ್ದು 1915ರ ಮಾರ್ಚ್ 10ರಿಂದ 13. ಆ ಹೊತ್ತಿನ ಕಾಗದ ಸಿಕ್ಕಿದರೆ ತಾರೀಖು ನೋಡಿ, ಅವನ ಪಲ್ಟನ್ನಿನ ಯುದ್ಧ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡು ಓದು. ಅಲ್ಲಿ ಕೂತು ಎಮ್ಮೆ ಮಾರಬೇಡಿ, ಸಾಲದ ಕಂತು ಕಟ್ಟಿ ಎನ್ನುವವನು ಯುದ್ಧದ ವಿಷಯ ತಪ್ಪಿಸುತ್ತಿದ್ದಾನೆ ಅಂದುಕೊಳ್ಳಬೇಡ. ಮನೆಯ ಯಜಮಾನಿಕೆಯನ್ನು ಟಪಾಲಿನಲ್ಲೇ ನಡೆಸುತ್ತಿದ್ದಾನೆ. ನನಗಂತೂ ಶೌರ್ಯದ ಮಾತಿಗಿಂತ ಇದೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ನಾನು ಸೇನಾ ಅಂಚೆಯಲ್ಲಿದ್ದಾಗಲೂ ಅಷ್ಟೇ, ಸಿಯಾಚಿನ್‌ನಲ್ಲಿದ್ದವನ ವಿಳಾಸವೂ 56 ಎಪಿಒ ಎಂಬ ಸೇನಾ ಅಂಚೆ ಕಚೇರಿಯ ಸಂಖ್ಯೆ, ಬಯಲಿನ ದಂಡಿನಲ್ಲಿದ್ದವನದ್ದೂ 56 ಎಪಿಒ. ಎಲ್ಲಿದ್ದಾನೆ ಎಂಬುದನ್ನು ಹೆಂಡತಿ ಊಹಿಸಿಕೊಳ್ಳಬೇಕು.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವುದು ಹೆಚ್ಚಾಗಿ ಸೆನ್ಸಾರ್ ಅಧಿಕಾರಿ ಆರಿಸಿ ಇಂಗ್ಲಿಷಿಗೆ ಮಾಡಿಸಿದ ತುಣುಕುಗಳು. ಅವನ ಕಣ್ಣಿಗೆ ಬಿದ್ದದ್ದು ಮಾತ್ರ ಉಳಿಯಿತು. ಅದನ್ನು ಎಣಿಸಿ ಇಷ್ಟು ಶೇಕಡ ಸಿಪಾಯಿಗಳು ಬೇಸತ್ತಿದ್ದರು ಎಂದು ಪಟ್ಟಿ ಹಾಕಲು ಹೋಗಬೇಡ, ನಿನ್ನ ಗೈಡ್ ಒತ್ತಾಯ ಮಾಡಿದರೂ ಸರಿ. ಮುದಿವಯಸ್ಸಿನಲ್ಲಿ ಬರೆದ ನೆನಪುಗಳನ್ನೂ ಇದರ ಜೊತೆ ಬೆರೆಸಬೇಡ. ನೆನಪು ಬರೆದವರಿಗೆ ಯುದ್ಧ ಹೇಗೆ ಮುಗಿಯಿತೆಂದು ಗೊತ್ತಿತ್ತು, ಕಾಗದ ಬರೆದವರಿಗೆ ನಾಳೆಯದೂ ಗೊತ್ತಿರಲಿಲ್ಲ.

ಮೊದಲ ಅಧ್ಯಾಯದ ಕರಡು ಕಳಿಸು. ಅಕ್ಷರ ದಪ್ಪಗಿರಲಿ.

ಇಂತಿ ನಿನ್ನ ದೊಡ್ಡಪ್ಪ