ಕಳೆ ಯಂತ್ರದ ಗಾರ್ಡ್ ಬಿಚ್ಚಬೇಡಿ

ಮಾನ್ಯರೇ,

ಶಿರಸಿ ಸೀಮೆಯ ತೋಟ, ಬೇಣ (ಹುಲ್ಲುಗಾವಲು)ಗಳಲ್ಲಿ ಈಗ ಕತ್ತಿಯ ಬದಲು ಕಳೆ ಕೊಚ್ಚುವ ಯಂತ್ರದ್ದೇ ಸದ್ದು. ಕಳೆದ ವಾರ ನಮ್ಮ ತೋಟದಲ್ಲಿ ಬ್ಲೇಡಿಗೆ ಸಿಕ್ಕ ಕಡಲೆ ಗಾತ್ರದ ಕಲ್ಲೊಂದು ಹಾರಿ ಕೆಲಸದವರ ಹುಬ್ಬಿಗೆ ಬಡಿಯಿತು. ರಕ್ತ ಕೆನ್ನೆಗೆ ಇಳಿಯಿತು. ಒಂದು ಬೆರಳು ಕೆಳಗಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಹುಲ್ಲು ಸಿಕ್ಕಿಕೊಳ್ಳುತ್ತದೆ ಎಂದು ಗಾರ್ಡ್, ಅಂದರೆ ಬ್ಲೇಡಿನ ರಕ್ಷಣಾ ಕವಚ, ಬಿಚ್ಚಿಟ್ಟಿದ್ದರು. ನಾನೂ ಸುಮ್ನೆ ನೋಡುತ್ತಿದ್ದೆ. ತಪ್ಪು ನನ್ನದೂ ಹೌದು.

ಬ್ಲೇಡು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. 15 ಮೀಟರ್ ಒಳಗೆ ಯಾರೂ ನಿಲ್ಲಬಾರದು, ಮಕ್ಕಳಂತೂ ಬೇಡವೇ ಬೇಡ. ಸಿಕ್ಕಿದ ಹುಲ್ಲು ತೆಗೆಯುವ ಮುಂಚೆ ಇಂಜಿನ್ ಆಫ್ ಮಾಡಿ. ಕನ್ನಡಕ, ಗಮ್‌ಬೂಟು ಕೂಲಿಯವರೇ ತರಲಿ ಎಂದರೆ ಹೇಗೆ? ತೋಟದವರೇ ಕೊಡಿಸಬೇಕು, ಅಲ್ವಾ? ಯಂತ್ರಕ್ಕೆ ಸಬ್ಸಿಡಿ ಕೊಡುವ ಇಲಾಖೆ ಅದರ ಜೊತೆಗೇ ಕನ್ನಡಕವನ್ನೂ ಕೊಡಲಿ.

– ಅಡಿಕೆ ಬೆಳೆಗಾರ, ಶಿರಸಿ