ಖಾಲಿ ಪಿಸ್ತೂಲು, ಆರು ಗಂಟೆಗೆ ಬೀಗ: ಮಗಳಿಗೊಂದು ಪತ್ರ

ಪುಟ್ಟಿ,

‘ಓವರ್ ದಿ ಎಡ್ಜ್’ ಬಗ್ಗೆ ನಿನ್ನದು ಒಂದೇ ತಕರಾರು. ಸಿನಿಮಾ ಚೆನ್ನಾಗಿಯೇ ಹೋಗುತ್ತಿತ್ತು, ಕೊನೆಯಲ್ಲಿ ಅತಿಯಾಯಿತು, ಅಪ್ಪ ಅಮ್ಮಂದಿರನ್ನು ಶಾಲೆಯೊಳಗೆ ಕೂಡಿಹಾಕಿ ಹೊರಗೆ ಅವರ ಕಾರುಗಳನ್ನು ಪುಡಿ ಮಾಡುವ ಮಕ್ಕಳು ಎಲ್ಲಾದರೂ ಉಂಟೇ ಅಂತ. ಈ ತಕರಾರು ನಿನ್ನೊಬ್ಬಳದಲ್ಲ. 1979ರ ಈ ಅಮೆರಿಕನ್ ಚಿತ್ರವನ್ನು ಮೆಚ್ಚಿದವರೂ ಮೆಚ್ಚದವರೂ ಜಗಳಕ್ಕೆ ನಿಲ್ಲುವುದು ಅಲ್ಲಿಯೇ. ಆದರೆ ಅಲ್ಲಿಂದ ಶುರು ಮಾಡಿದರೆ ಜಗಳ ಬಗೆಹರಿಯುವುದಿಲ್ಲ. ಮೊದಲ ಇಪ್ಪತ್ತು ನಿಮಿಷಕ್ಕೆ ವಾಪಸ್ ಹೋಗು.

ಕಥೆ ನಡೆಯುವ ನ್ಯೂ ಗ್ರನಾಡಾ ನಕ್ಷೆ ಹಾಕಿ ಕಟ್ಟಿದ ಬಡಾವಣೆ. ಊರಿನ ಕಾಲು ಭಾಗ ಹದಿನೈದು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನವರು, ನಕ್ಷೆ ಹಾಕಿದವರು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ ಎಂದು ಶುರುವಿನ ಬರಹವೇ ಹೇಳುತ್ತದೆ. ಈಗ ಕಾಗದ ಪೆನ್ಸಿಲ್ ಹಿಡಿದು ಕೂತು, ಮಕ್ಕಳು ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತಾರೆ ಅಂತ ಬರೆದುಕೋ. ರಸ್ತೆಯ ಮೇಲ್ಸೇತುವೆ, ಖಾಲಿ ಬಯಲು, ಅರ್ಧ ಕಟ್ಟಿ ಬಿಟ್ಟ ಮನೆಗಳು, ಪೊಲೀಸ್ ಠಾಣೆ. ಅವರದೇ ಅನ್ನುವಂಥದ್ದು ಒಂದೇ ಒಂದು, ‘ರೆಕ್’ ಅಂತ ಕರೆಯುವ ತಗಡಿನ ಕಮಾನು ಶೆಡ್ಡು. ಅದಕ್ಕೂ ಸಂಜೆ ಆರಕ್ಕೆ ಬೀಗ. ಹಣ ಹೂಡಲು ಟೆಕ್ಸಾಸ್‌ನಿಂದ ಒಬ್ಬ ಬರುತ್ತಾನೆ ಎಂದಾಗ ದೊಡ್ಡವರು ಆ ಶೆಡ್ಡನ್ನೂ ಮುಚ್ಚಿಸುತ್ತಾರೆ. ಮನೆಯ ಬೆಲೆ ಏರಬೇಕು, ಮಕ್ಕಳು ಕಣ್ಣಿಗೆ ಬೀಳಬಾರದು. ಕೊನೆಯ ಗಲಭೆಯ ಬೀಜ ಇಲ್ಲಿದೆ, ಶಾಲೆಯ ಬಾಗಿಲಿಗೆ ಸರಪಳಿ ಹಾಕುವ ದೃಶ್ಯದಲ್ಲಿ ಅಲ್ಲ.

‘ತಂದೆತಾಯಿ ಪಾತ್ರಗಳು ರಟ್ಟಿನ ಬೊಂಬೆಗಳು’ ಎನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಥೆಯ ಮುಖ್ಯ ಹುಡುಗ ಕಾರ್ಲ್‌ನ ಅಪ್ಪ ಫ್ರೆಡ್ ಕೆಟ್ಟವನಲ್ಲ, ಕ್ಯಾಡಿಲಾಕ್ ಕಾರು ಮಾರುವವನು. ಮಗನ ಹತ್ತಿರವೂ ಗಿರಾಕಿಯ ಹತ್ತಿರ ಆಡುವ ಹಾಗೆಯೇ ಮಾತಾಡುತ್ತಾನೆ. ಮಗ ಕಿವಿಗೆ ಹೆಡ್‌ಫೋನ್ ಏರಿಸಿ ಚೀಪ್ ಟ್ರಿಕ್ ಎಂಬ ರಾಕ್ ತಂಡದ ಹಾಡು ಕೇಳುತ್ತಾ ಮಲಗುತ್ತಾನೆ. ಹಾಡು ನಮಗೆ ಜೋರಾಗಿ ಕೇಳಿಸುತ್ತದೆ, ಆ ಮನೆಯಲ್ಲಿ ಇನ್ಯಾರಿಗೂ ಕೇಳಿಸುವುದಿಲ್ಲ. ರಾಮೋನ್ಸ್, ದಿ ಕಾರ್ಸ್, ವ್ಯಾನ್ ಹೇಲನ್ ಎಲ್ಲ ಇರುವ ಈ ಚಿತ್ರವನ್ನು ‘ಹಾಡುಗಳಿಗೋಸ್ಕರ ನೋಡಿ’ ಎನ್ನುವವರು ಈ ಸೂಕ್ಷ್ಮ ಬಿಟ್ಟೇಬಿಡುತ್ತಾರೆ.

ಇನ್ನು ಪಿಸ್ತೂಲಿನ ವಿಷಯ. ಪ್ರೇಕ್ಷಕರು ಊರಿನ ಪೊಲೀಸ್ ಸಾರ್ಜೆಂಟ್ ಡೋಬರ್‌ಮನ್‌ನನ್ನು ಕೊಲೆಗಾರ ಅನ್ನುತ್ತಾರೆ, ಇಲ್ಲವೇ ಪಾಪದವನು ಅನ್ನುತ್ತಾರೆ. ಇಬ್ಬರೂ ಒಂದು ಲೆಕ್ಕ ಮರೆಯುತ್ತಾರೆ: ಪಿಸ್ತೂಲು ಖಾಲಿ ಅಂತ ಯಾರಿಗೆ ಗೊತ್ತು? ಕೋರಿ ಎಂಬ ಹುಡುಗಿ ಕದ್ದು ತಂದ ಪಿಸ್ತೂಲಿನ ಗುಂಡುಗಳನ್ನು ಹುಡುಗರು ಬಯಲಲ್ಲಿ ಆಟಕ್ಕೆ ಹಾರಿಸಿ ಮುಗಿಸಿದ್ದಾರೆ. ಕಾರ್ಲ್‌ನ ಗೆಳೆಯ ರಿಚಿಗೆ ಗೊತ್ತು, ಕಾರ್ಲ್‌ಗೆ ಗೊತ್ತು, ನಿನಗೂ ಗೊತ್ತು. ಬೆನ್ನಟ್ಟಿ ಬಂದ ಪೊಲೀಸನಿಗೆ ಮಾತ್ರ ಗೊತ್ತಿಲ್ಲ. ರಿಚಿ ಅದನ್ನು ಎತ್ತಿ ಹಿಡಿಯುತ್ತಾನೆ, ಪೊಲೀಸ್ ಗುಂಡು ಹಾರಿಸುತ್ತಾನೆ. ಗೊತ್ತಿದ್ದವರಿಗೆ ಅದು ಕೊಲೆ, ಗೊತ್ತಿಲ್ಲದವನಿಗೆ ಆತ್ಮರಕ್ಷಣೆ. ನಿರ್ದೇಶಕ ಜೋನಥನ್ ಕಪ್ಲನ್ ನಮ್ಮನ್ನು ಹುಡುಗರ ಪಕ್ಕ ನಿಲ್ಲಿಸಿ ಈ ಸಾವನ್ನು ತೋರಿಸಿದ್ದಾನೆ. ಅದು ಪಕ್ಷಪಾತ ನಿಜ, ಆದರೆ ಮೋಸವಲ್ಲ. 1955ರ ‘ರೆಬೆಲ್ ವಿದೌಟ್ ಎ ಕಾಸ್’ ಕೊನೆಯಲ್ಲೂ ಇದೇ ಲೆಕ್ಕ: ಪ್ಲೇಟೋ ಎಂಬ ಹುಡುಗ ಹಿಡಿದ ಪಿಸ್ತೂಲಿನಿಂದ ನಾಯಕ ಜಿಮ್ ಮೊದಲೇ ಗುಂಡು ತೆಗೆದಿದ್ದಾನೆ, ಪೊಲೀಸರಿಗೆ ಅದು ತಿಳಿಯದು. ಎರಡನ್ನೂ ಒಂದರ ಹಿಂದೆ ಒಂದು ನೋಡಿದರೆ ನಡುವಿನ 24 ವರ್ಷದಲ್ಲಿ ಏನು ಬದಲಾಯಿತು ಅಂತ ಕಾಣುತ್ತದೆ. ಜಿಮ್‌ನ ಅಪ್ಪ ಮಗನ ಪಕ್ಕ ನಿಲ್ಲುತ್ತೇನೆ ಎಂದು ಮಾತು ಕೊಡುತ್ತಾನೆ. ನ್ಯೂ ಗ್ರನಾಡಾದ ದೊಡ್ಡವರು ಶಾಲೆಯಲ್ಲಿ ಸಭೆ ಕರೆಯುತ್ತಾರೆ.

ಆ ಸಭೆಗೇ ಬೀಗ ಬೀಳುವುದು. ನಡೆದದ್ದೆಷ್ಟು, ಕಟ್ಟಿದ್ದೆಷ್ಟು ಅನ್ನುವುದನ್ನೂ ಬೇರೆ ಮಾಡಿಕೋ. ಬೇರು ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯಲ್ಲಿದೆ. ಅಲ್ಲಿನ ಹುಡುಗರ ಪುಂಡಾಟದ ಬಗ್ಗೆ 1973ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಎಕ್ಸಾಮಿನರ್ ಪತ್ರಿಕೆ ಬರೆದಿತ್ತು. ಚಾರ್ಲಿ ಹಾಸ್, ಟಿಮ್ ಹಂಟರ್ ಅದರಿಂದ ಚಿತ್ರಕಥೆ ಮಾಡಿದರು, ಚಿತ್ರೀಕರಣ ಕೊಲರಾಡೋದಲ್ಲಿ ನಡೆಯಿತು. ಶಾಲೆಗೆ ಸರಪಳಿ ಬಿಗಿಯುವುದು ಅವರ ಕಲ್ಪನೆ. ಹಾಗಾಗಿ ‘ನಿಜ ಘಟನೆ’ ಎಂಬ ಹಣೆಪಟ್ಟಿ ಹಿಡಿದು ಕೊನೆಯನ್ನು ಸಮರ್ಥಿಸುವವರ ಮಾತು ನಿಲ್ಲುವುದಿಲ್ಲ. ನನ್ನನ್ನು ಕೇಳಿದರೆ ಡೋಬರ್‌ಮನ್‌ನ ಕಾರು ಸ್ಫೋಟಿಸುವುದೇ ಚಿತ್ರದ ದುರ್ಬಲ ಜಾಗ. ಅಲ್ಲಿಯವರೆಗೆ ಹುಡುಗರು ಮಾಡಿದ್ದೆಲ್ಲ ಹುಡುಗರ ಕೈಗೆ ಎಟುಕುವಂಥದ್ದು, ಅದೊಂದು ಮಾತ್ರ ಸಿನಿಮಾದವರ ಕೈಚಳಕ. ನಿನ್ನ ತಕರಾರನ್ನು ಪೂರ್ತಿ ಗಲಭೆಯಿಂದ ಆ ಒಂದು ನಿಮಿಷಕ್ಕೆ ಇಳಿಸಿಕೊಂಡು ನೋಡು, ಗಟ್ಟಿಯಾಗುತ್ತದೆ.

ಬೇರೆಯವರ ಅಭಿಪ್ರಾಯ ಓದುವಾಗ ಅವರು ಯಾವಾಗ, ಎಲ್ಲಿ ನೋಡಿದರು ಅಂತ ಮೊದಲು ಹುಡುಕು. ಆ ವರ್ಷವೇ ಬಂದ, ಹುಡುಗರ ಗ್ಯಾಂಗುಗಳ ಕಥೆಯ ‘ದಿ ವಾರಿಯರ್ಸ್’ ನಡೆಯುವಾಗ ಥಿಯೇಟರುಗಳಲ್ಲಿ ಹೊಡೆದಾಟ ಆಗಿದ್ದರಿಂದ ಈ ಚಿತ್ರದ ಓರಿಯನ್ ಕಂಪನಿ ಹೆದರಿ ಇದನ್ನು ಬೆರಳೆಣಿಕೆಯ ಕಡೆ ಬಿಟ್ಟು ಸುಮ್ಮನಾಯಿತು. 1981ರಲ್ಲಿ ನ್ಯೂಯಾರ್ಕಿನ ಪಬ್ಲಿಕ್ ಥಿಯೇಟರಿನಲ್ಲಿ ತೋರಿಸಿದ ಮೇಲೆ ವಿಮರ್ಶಕರು ಕಣ್ಣು ಬಿಟ್ಟರು. ಆಮೇಲೆ ಎಚ್‌ಬಿಒ ಕೇಬಲ್ಲಿನಲ್ಲಿ ಬಂದು ಮನೆಮನೆಯ ಹದಿಹರೆಯದವರ ಕಣ್ಣಿಗೆ ಬಿತ್ತು. ನಿರ್ವಾಣ ತಂಡದ ಗಾಯಕ ಕರ್ಟ್ ಕೊಬೇನ್‌ಗೆ ಇದು ಬಹಳ ಇಷ್ಟದ ಚಿತ್ರವಾಗಿತ್ತು. ಹದಿನಾಲ್ಕಕ್ಕೆ ನೋಡಿದವರ ಬರಹದಲ್ಲಿ ರಿಚಿಯೇ ತುಂಬಿರುತ್ತಾನೆ. ರಿಚಿಯಾಗಿ ನಟಿಸಿದ ಮ್ಯಾಟ್ ಡಿಲನ್‌ಗೆ ಇದು ಮೊದಲ ಚಿತ್ರ, ಆಯ್ಕೆಯಾದಾಗ ಅವನೂ ಶಾಲಾ ಹುಡುಗ, ಆ ಮುಖದಲ್ಲಿ ಕಲಿತ ನಟನೆ ಇಲ್ಲ. ನಲವತ್ತಕ್ಕೆ ಮತ್ತೆ ನೋಡಿದವರು ಫ್ರೆಡ್‌ನನ್ನು ಹಿಂಬಾಲಿಸುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಬೇರೆ ಬೇರೆ ಪಾತ್ರವನ್ನು ನೋಡಿ ಬಂದಿದ್ದಾರೆ ಅಷ್ಟೆ. ‘ಹುಡುಗರಿಗೆ ಕೆಟ್ಟ ಬುದ್ಧಿ ಕಲಿಸುತ್ತದೆ’ ಎಂದಷ್ಟೇ ಬರೆದವರನ್ನು ಪಕ್ಕಕ್ಕಿಡು. ಆ ಮಾತಿಗೆ ಸಿನಿಮಾ ನೋಡಬೇಕಾಗಿಯೂ ಇಲ್ಲ.

ಒಂದು ಕೆಲಸ ಉಳಿದಿದೆ. ಕೊನೆಯ ದೃಶ್ಯವನ್ನು ಎರಡು ಸಲ ನೋಡು. ಹುಡುಗರನ್ನು ಬಂಧನಗೃಹಕ್ಕೆ ಒಯ್ಯುವ ಬಸ್ಸು, ಮೇಲ್ಸೇತುವೆಯ ಮೇಲೆ ಕೈಬೀಸುವ ಗೆಳೆಯರು. ಮೊದಲ ಸಲ ಸದ್ದು ಪೂರ್ತಿ ಆರಿಸಿ, ಎರಡನೇ ಸಲ ವ್ಯಾಲರಿ ಕಾರ್ಟರ್ ದನಿಯ ಸಮಾಧಾನದ ಹಾಡಿನ ಜೊತೆ. ಎರಡರಲ್ಲೂ ಕಿಟಕಿಯ ಪಕ್ಕ ಕೂತ ಕಾರ್ಲ್‌ನ ಮುಖ ಹೇಗೆ ಕಂಡಿತು ಅಂತ ಬರೆದು ಕಳಿಸು.

ನಿನ್ನ,
ಅಪ್ಪ