ಮಗಳಿಗೊಂದು ಪತ್ರ: ಅಕ್ಕಪಕ್ಕದವರ ಜೊತೆ ಕ್ರಿಸ್ಮಸ್

ಧಾರವಾಡ
ಡಿಸೆಂಬರ್ 5

ಪ್ರೀತಿಯ ಮಗಳಿಗೆ,

ಕರ್ತನ ಹೆಸರಿನಲ್ಲಿ ಆಶೀರ್ವಾದ. ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಮನಸ್ಸಿನಲ್ಲೇ ಕೂತಿದೆ. "ಅವ್ವಾ, ಇಲ್ಲಿ ಕ್ರಿಸ್ಮಸ್ ಅಂದರೆ ಕೇಕು, ಕೆಂಪು ಟೋಪಿ, ಅಷ್ಟೇ. ಯೇಸುವಿನ ಹೆಸರೆತ್ತಿದರೆ ಮತಾಂತರಕ್ಕೆ ಬಂದಳು ಅಂದುಕೊಳ್ಳುತ್ತಾರೆ. ಸುಮ್ನೆ ಇದ್ದರೆ ನನಗೇ ಸಮಾಧಾನ ಇಲ್ಲ" ಅಂದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಇದು ನಿನ್ನ ಮೊದಲ ಕ್ರಿಸ್ಮಸ್. ನನಗೆ ತಿಳಿದದ್ದನ್ನು ಬರೆಯುತ್ತೇನೆ.

ಕೊಡುವುದಕ್ಕೂ ಹೇಳುವುದಕ್ಕೂ ಗಂಟು ಹಾಕಬೇಡ. ಇದೇ ನನ್ನ ಮೊದಲ ಮಾತು. ತಿಂಡಿ ಡಬ್ಬಿಯೊಳಗೆ ಕರಪತ್ರ ಇಟ್ಟು ಕೊಡುವವರನ್ನು ನೋಡಿದ್ದೇನೆ. ಅವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಡಬ್ಬಿ ತೆಗೆದವರಿಗೆ "ಓ, ಇದಕ್ಕಾ ಕೊಟ್ಟಿದ್ದು" ಅನ್ನಿಸಿಬಿಡುತ್ತದೆ. ದೀಪಾವಳಿಗೆ ಅವರು ನಿನಗೆ ಕೊಟ್ಟ ತಟ್ಟೆಯಲ್ಲಿ ಯಾವ ಚೀಟಿಯೂ ಇರಲಿಲ್ಲ ಅಲ್ವಾ? ಹಾಗಂತ ಯಾರಾದರೂ ಕೇಳಿದಾಗ ಬಾಯಿ ಮುಚ್ಚಿಕೊಂಡು ಕೂರುವುದೂ ಬೇಡ. ನಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಲು ಯಾವಾಗಲೂ ಸಿದ್ಧವಾಗಿರಿ, ಆದರೆ ಮೃದುವಾಗಿ, ಗೌರವದಿಂದ ಹೇಳಿ ಅಂತ ಯೇಸುವಿನ ಶಿಷ್ಯ ಪೇತ್ರನು ತನ್ನ ಮೊದಲ ಪತ್ರದಲ್ಲಿ ಬರೆದಿದ್ದಾನೆ. ಅವರು ಕೇಳುವಷ್ಟು ಸಲುಗೆ ಬೆಳೆಯಬೇಕಾದರೆ ನಿನ್ನ ಮನೆ ಬಾಗಿಲು ತೆರೆದಿರಬೇಕು.

ತಿಂಡಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ನಿನ್ನ ಎದುರು ಮನೆಯವರು ಜೈನರು, ಮೇಲಿನವರು ಲಿಂಗಾಯತರು, ಲಿಫ್ಟಿನ ಪಕ್ಕದವರು ಮುಸ್ಲಿಮರು ಅಂದೆ. ಮೊಟ್ಟೆ ಹಾಕಿದ ಕೇಕನ್ನು ಎಲ್ಲರಿಗೂ ಒಂದೇ ಸಮ ಹಂಚಿದರೆ ಅರ್ಧ ಜನ ನಕ್ಕು ತೆಗೆದುಕೊಂಡು ಬೇರೆ ಯಾರಿಗೋ ಕೊಟ್ಟುಬಿಡುತ್ತಾರೆ. ಕರ್ಚಿಕಾಯಿ ಮಾಡು. ಪುಟಾಣಿ, ಒಣಕೊಬ್ಬರಿ, ಗಸಗಸೆ, ಏಲಕ್ಕಿ, ಸಕ್ಕರೆ ಪುಡಿ, ನಿನಗೆ ಗೊತ್ತಿರುವುದೇ. ಹಿಟ್ಟಿಗೆ ಚಿರೋಟಿ ರವೆ ಬೆರೆಸಿ ಕಾದ ಎಣ್ಣೆ ಬಿಟ್ಟು ಗಟ್ಟಿಯಾಗಿ ನಾದು. ಅಂಚಿಗೆ ಹಾಲು ಸವರಿ ಒತ್ತಿ ಮಡಚು, ಇಲ್ಲದಿದ್ದರೆ ಎಣ್ಣೆಯಲ್ಲಿ ಬಾಯಿ ಬಿಟ್ಟು ಒಳಗಿನದೆಲ್ಲ ಹೊರಗೆ ಬರುತ್ತದೆ. ಎಣ್ಣೆ ಹೊಸದಿರಲಿ. ಮಟನ್ ಮಾಡುವ ಬಾಣಲೆ ಬೇಡ. ಅವಲಕ್ಕಿ ಚೂಡಾಕ್ಕೆ ಬೆಳ್ಳುಳ್ಳಿ ಹಾಕದೆ ಜೈನರ ಮನೆಗೆ ಬೇರೆ ಮಾಡು. ಮುಸ್ಲಿಮರ ಮನೆಗೆ ಕೇಕು ಕೊಡುವುದಾದರೆ ಒಣದ್ರಾಕ್ಷಿಯನ್ನು ರಮ್ಮಿನಲ್ಲಿ ನೆನೆಸಬೇಡ, ಕಿತ್ತಳೆ ರಸದಲ್ಲಿ ನೆನೆಸಿದರೂ ರುಚಿ ಚೆನ್ನಾಗಿಯೇ ಬರುತ್ತದೆ. ಕೊಡುವಾಗ ಬಾಯಿ ಬಿಟ್ಟು ಹೇಳು: ಇದರಲ್ಲಿ ಮೊಟ್ಟೆ ಇಲ್ಲ, ಬಾಣಲೆ ಬೇರೆ ಇಟ್ಟಿದ್ದೆ. ಅವರ ನೇಮವನ್ನು ನೀನು ಇಷ್ಟು ಗಮನಿಸಿದ್ದೀಯ ಅಂತ ಗೊತ್ತಾದಾಗಲೇ ಅವರಿಗೂ ನಿನ್ನ ದೇವರ ಬಗ್ಗೆ ಕೇಳುವ ಮನಸ್ಸಾಗುವುದು.

ಇನ್ನೊಂದು, ಈ ವರ್ಷ ಮನೆಯಲ್ಲಿ ಗೋದಲಿ ಇಡು, ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ಜೋಡಿಸು. ಬೆಂಗಳೂರಿನಲ್ಲಿ ಅದಕ್ಕೆ ರಾಗಿ ಪೈರು ಬೆಳೆಸುತ್ತಾರೆ, ನೋಡಿದ್ದೀಯಲ್ಲ. ಒಂದು ಅಗಲ ತಟ್ಟೆಯಲ್ಲಿ ತೆಳುವಾಗಿ ಮಣ್ಣು ಹರಡು. ರಾಗಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಚೆಲ್ಲಿ, ದಿನಾ ನೀರು ಚಿಮುಕಿಸು. ಹದಿನೈದನೇ ತಾರೀಕಿನ ಒಳಗೆ ಬಿತ್ತಿದರೆ ಹಬ್ಬದ ಹೊತ್ತಿಗೆ ಹಸಿರು ಹುಲ್ಲಾಗಿ ನಿಂತಿರುತ್ತದೆ. ಮಹಡಿಯ ಮಕ್ಕಳು ಬಂದು ನೀರು ಹಾಕಲಿ, ಅವರಿಗೆ ಭಾರಿ ಖುಷಿ. ಆದರೆ ಅವರ ಅಪ್ಪ ಅಮ್ಮನಿಗೆ ಮೊದಲು ಹೇಳಿಬಿಡು. ದೊಡ್ಡವರಿಗೆ ಗೊತ್ತಿಲ್ಲದೆ ಮಕ್ಕಳಿಗೆ ಧರ್ಮದ ಮಾತು ಹೇಳುವುದು ನನಗೆ ಒಪ್ಪಿಗೆಯಿಲ್ಲ, ಯಾರೇ ಹೇಳಲಿ. ದಸರಾಕ್ಕೆ ಮೂರನೇ ಮಹಡಿಯವರು ಗೊಂಬೆ ನೋಡಲು ನಿನ್ನನ್ನು ಕರೆದಿದ್ದರಲ್ಲ, ಒಂದೊಂದು ಗೊಂಬೆಯ ಕಥೆಯನ್ನೂ ಹೇಳಿದ್ದರಲ್ಲ? ಅವರನ್ನೂ ಮಕ್ಕಳನ್ನೂ ಒಟ್ಟಿಗೆ ಕರೆ. ನೀನೂ ಹಾಗೇ ಹೇಳು.

ಹೇಳಬೇಕಾದ ಕಥೆ ಬೈಬಲಿನ ಲೂಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲೇ ಇದೆ. ಕೈಸರ ಔಗುಸ್ತನ ಜನಗಣತಿ, ತುಂಬಿದ ಬಸುರಿ ಮರಿಯಳು, ಛತ್ರದಲ್ಲಿ ಜಾಗ ಸಿಗದೆ ಹೋದದ್ದು, ದನದ ಗೋದಲಿಯಲ್ಲಿ ಮಲಗಿದ ಕೂಸು, ರಾತ್ರಿ ಹಿಂಡು ಕಾಯುತ್ತಿದ್ದ ಕುರುಬರಿಗೆ ದೇವದೂತ ಬಂದು ಸುದ್ದಿ ಹೇಳಿದ್ದು. ಐದು ನಿಮಿಷ ಸಾಕು. ಕೊನೆಗೆ ಉಪದೇಶ ಸೇರಿಸಬೇಡ, ಕಥೆಗೇ ಆ ಶಕ್ತಿ ಇದೆ. ನಮ್ಮ ಓಣಿಯ ಅಜ್ಜಿಯೊಬ್ಬರು ಒಂದು ಸಲ ನಮ್ಮನೆಗೆ ಬಂದಾಗ ಇದನ್ನು ಕೇಳಿಸಿಕೊಂಡಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ನಾನು ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಗೊಂಬೆಗಳನ್ನೇ ನೋಡಿದರು. ಆಮೇಲೆ "ರಾಜರಿಗೆ ಹೇಳೂಕಿಂತ ಮೊದಲ ಕುರಿ ಕಾಯೋರಿಗೆ ಹೇಳ್ಯಾರಂದ್ರ, ಆ ದೇವರಿಗೆ ಬಡವರ ಮನಿ ಗೊತ್ತೈತಿ ಬಿಡು" ಅಂದರು. ಚರ್ಚಿನಲ್ಲಿ ಪಾದ್ರಿಗಳ ಎಷ್ಟೋ ಪ್ರಸಂಗ ಕೇಳಿದ್ದೇನೆ, ಇಷ್ಟು ಚೆನ್ನಾಗಿ ಯಾರೂ ಹೇಳಿದ್ದಿಲ್ಲ. ಅವರು ಕಡೆಯವರೆಗೂ ಅವರ ದೇವರನ್ನೇ ಪೂಜಿಸಿದರು. ಆದರೆ ಪ್ರತಿ ಡಿಸೆಂಬರಿನಲ್ಲೂ "ಆ ಕೂಸಿನ ಕಥಿ ಹೇಳವಾ" ಅಂತ ಬಂದು ಕೂರುತ್ತಿದ್ದರು. ನಾನೂ ಪ್ರತಿ ಸಲ ಹೇಳುತ್ತಿದ್ದೆ.

ಕನ್ನಡದಲ್ಲೇ ಹೇಳು, ಮನೆಮಾತಿನಲ್ಲಿ. ಬಾಸೆಲ್ ಮಿಶನ್ನಿನವರು 1837ರಲ್ಲಿ ನಮ್ಮ ಧಾರವಾಡಕ್ಕೆ ಬಂದಾಗ ಅವರಿಗೆ ನಮ್ಮ ಭಾಷೆ ಹೊಸದು. ಕಷ್ಟಪಟ್ಟು ಕಲಿತರು. ಅದೇ ಮಿಶನ್ನಿನಿಂದ ಆಮೇಲೆ ಬಂದ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಬಂದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಎಷ್ಟೋ ಮೊದಲು, 1862ರಲ್ಲೇ, ಅವರು ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಪದ್ಯವಾಗಿ ಬರೆದಿದ್ದರು. ದೂರದ ಜರ್ಮನಿಯಿಂದ ಬಂದವರು ಅಷ್ಟು ಮಾಡಿರುವಾಗ, ಕನ್ನಡದಲ್ಲೇ ಹುಟ್ಟಿ ಬೆಳೆದ ನಾವು ಪಕ್ಕದ ಮನೆಯವರ ಮುಂದೆ ಇಂಗ್ಲಿಷ್ ಕ್ಯಾರಲ್ ಮಾತ್ರ ಹಾಡಿದರೆ ಹೇಗೆ?

ಕ್ಯಾರಲ್ ಅಂದಾಗ ನೆನಪಾಯಿತು. ನಿಮ್ಮ ಚರ್ಚಿನ ಯುವಕರು ಮನೆಮನೆಗೆ ಹಾಡಲು ರೌಂಡ್ಸಿಗೆ ಬರುವುದಾದರೆ ಅಸೋಸಿಯೇಶನ್ನಿಗೆ ಮೊದಲೇ ತಿಳಿಸು. ಮೈಕು ಬೇಡವೇ ಬೇಡ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕಬಾರದೆಂಬ ನಿಯಮವೂ ಇದೆ. ಎಂಟು ಗಂಟೆಗೆ ಬಂದು, ಹಾಡಿ, ಒಂಬತ್ತಕ್ಕೆ ಮುಗಿಸಲಿ.

ಈಗ ಸ್ವಲ್ಪ ಗಟ್ಟಿಯಾಗಿ ಒಂದು ಮಾತು. ನಿನ್ನ ಕೈಯಿಂದ ಸಂಬಳ ತೆಗೆದುಕೊಳ್ಳುವವರನ್ನು ಚರ್ಚಿಗೆ ಬಾ ಅಂತ ಒತ್ತಾಯ ಮಾಡಬೇಡ. ಮನೆಕೆಲಸದಾಕೆಗೆ ಹಬ್ಬಕ್ಕೆ ಸೀರೆ ಕೊಡು, ಎರಡು ದಿನ ಸಂಬಳದ ರಜೆ ಕೊಡು, ಅಲ್ಲಿಗೆ ನಿಲ್ಲಿಸು. ಬೇಡ ಅನ್ನಲಾಗದವರಿಗೆ ಕೇಳುವುದು ಕರೆಯುವ ರೀತಿಯಲ್ಲ. ಸಂವಿಧಾನದ 25ನೇ ವಿಧಿ ನಮಗೆ ನಮ್ಮ ನಂಬಿಕೆಯನ್ನು ಆಚರಿಸುವ, ಪ್ರಸಾರ ಮಾಡುವ ಹಕ್ಕು ಕೊಟ್ಟಿದೆ. ಅದರರ್ಥ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಾನೂನಿನ ಭಯಕ್ಕೆ ಇದನ್ನು ಬರೆಯುತ್ತಿಲ್ಲ. ಯೇಸು ಯಾರ ಕೈಯನ್ನೂ ಹಿಡಿದು ಎಳೆಯಲಿಲ್ಲ. ಇದ್ದದ್ದನ್ನು ಮಾರಿ ಬಡವರಿಗೆ ಕೊಟ್ಟು ನನ್ನ ಹಿಂದೆ ಬಾ ಅಂದದ್ದಕ್ಕೆ ಐಶ್ವರ್ಯವಂತನಾದ ಆ ಯುವಕ ಬೇಸರದಿಂದ ಹೊರಟುಹೋದಾಗಲೂ ಹೋಗಲು ಬಿಟ್ಟನು.

ಯಾರದಾದರೂ ಮನೆಯಲ್ಲಿ ಕಾಯಿಲೆ, ಸಾವು, ಕೆಲಸ ಹೋದದ್ದು, ಇಂಥದ್ದು ಗೊತ್ತಾದರೆ ಮೊದಲು ಊಟ ತೆಗೆದುಕೊಂಡು ಹೋಗು, ಆಸ್ಪತ್ರೆಗೆ ಜೊತೆಗೆ ಹೋಗು. ಆಮೇಲೆ ಬೇಕಾದರೆ "ನಿಮಗೋಸ್ಕರ ಪ್ರಾರ್ಥನೆ ಮಾಡ್ಲಾ?" ಅಂತ ಕೇಳು. ಬೇಡ ಅಂದರೆ ನಿನ್ನ ಕೋಣೆಯಲ್ಲಿ ಮಾಡು. ಹೂಂ ಅಂದರೆ ಅಲ್ಲೇ, ಎರಡು ಮಾತಿನಲ್ಲಿ, ಅವರ ಹೆಸರು ಹಿಡಿದು ಮಾಡು.

ಗೇಟಿನ ಸೆಕ್ಯುರಿಟಿ ಹುಡುಗರನ್ನು ಮರೆಯಬೇಡ. ಅವರಲ್ಲಿ ಜಾರ್ಖಂಡ್, ಈಶಾನ್ಯ ಕಡೆಯಿಂದ ಬಂದವರು ಇರುತ್ತಾರೆ, ಎಷ್ಟೋ ಜನ ನಮ್ಮವರೇ, ಕ್ರೈಸ್ತರು. ಹಬ್ಬದ ದಿನವೂ ಅವರಿಗೆ ಡ್ಯೂಟಿ. ಊರು, ಹೆಸರು ಕೇಳಿ ನೋಡು. 25ಕ್ಕೆ ಶಿಫ್ಟು ಮುಗಿದ ಮೇಲೆ ಮನೆಗೆ ಊಟಕ್ಕೆ ಕರೆ. ಯಾವ ಧರ್ಮದವರಾದರೂ ಕರೆ.

ನಿನ್ನ ತಮ್ಮ ಹತ್ತನೇ ತಾರೀಕು ಬರುತ್ತಿದ್ದಾನೆ. ಕರ್ಚಿಕಾಯಿ ಅಚ್ಚು, ಒಂದು ಸೇರು ರಾಗಿ, ನಮ್ಮ ಹಳೆಯ ಕನ್ನಡ ಸಂಗೀತ ಪುಸ್ತಕ ಅವನ ಕೈಲಿ ಕಳಿಸುತ್ತೇನೆ. ಇನ್ನೂ ಏನು ಬೇಕು ಅಂತ ಅಷ್ಟರೊಳಗೆ ಫೋನ್ ಮಾಡು. ಎದುರು ಮನೆಯವರು ಜೇನುತುಪ್ಪ ತಿನ್ನುತ್ತಾರಾ ಅಂತಲೂ ಕೇಳಿಟ್ಟುಕೋ, ಜೈನರಲ್ಲಿ ತುಂಬಾ ಜನ ತಿನ್ನುವುದಿಲ್ಲ.

ನಿನ್ನ
ಅವ್ವ